ಇನ್ನೂರು ದಿನ, ಒಂದು ಹನಿಯೂ ಇಲ್ಲ

ಅಣ್ಣನ ಹೊಸ ಮನೆಯ ಊಟದಲ್ಲಿ ಯಾರೋ ಬೇಕೆಂದೇ ಕೈಗಿಟ್ಟ ವಿಸ್ಕಿ ಲೋಟವನ್ನು ಕಿರಣ ಮೂಗಿನ ತನಕ ಒಯ್ದ. ಆಸೆಯಿಂದ ಮೂಸಿದ. ಅರೆ ಗಳಿಗೆಯಲ್ಲಿ ಆಸೆ ಇಳಿಯಿತು. ಮುಖ ಸಿಂಡರಿಸಿ ಲೋಟ ಕೆಳಗಿಟ್ಟು, "ಒಯ್ರಿ ಅತ್ಲಾಗ, ಬ್ಯಾಡನಸ್ತೈತಿ" ಎಂದ. ನೆಂಟರೆಲ್ಲ ಚಪ್ಪಾಳೆ ತಟ್ಟಿದರು.

ಅವನ ತೋಳಿನ ಚರ್ಮದಡಿ ಕೂತಿದ್ದ, ಅಕ್ಕಿಕಾಳಿನಷ್ಟು ಚಿಕ್ಕ 'ಸಂಯಮ' ಎಂಬ ಯಂತ್ರ ತನ್ನ ಕೆಲಸ ಮಾಡಿತ್ತು. ಕುಡಿಯುವ ಆಸೆ ಏಳುತ್ತಲೇ ರಕ್ತದಲ್ಲಾಗುವ ಬದಲಾವಣೆಯನ್ನು ಗುರುತಿಸಿ, ಮಿದುಳಿನಲ್ಲಿ ಮದ್ಯದಿಂದ ಸುಖ ಸಿಗುವ ತಾಣಗಳನ್ನು ಮುಚ್ಚುವ ಔಷಧವನ್ನು ಅದು ಬಿಡುತ್ತದೆ. ಇದು ಅರ್ಧ. ಇನ್ನರ್ಧ ಕಿವಿಗೆ ಹಾಕಿಕೊಳ್ಳುವ, ಮಾತಾಡುವ ಗುಂಡಿ. ಈಗೇನಾಯಿತು, ಯಾರು ಏನಂದರು, ಕುಡಿಯುವ ಬದಲು ಏನು ಮಾಡಬಹುದು ಎಂದು ಆ ಕ್ಷಣವೇ ಕೇಳಿ, ಉತ್ತರ ಬರುವ ತನಕ ಬೆನ್ನು ಬಿಡದೆ ನಡತೆ ತಿದ್ದುವ ಮಾತಿನ ಚಿಕಿತ್ಸೆ ಅದರದು. ಕಿರಣ ಅದನ್ನು ಮೂರನೆಯ ದಿನವೇ ಕಿತ್ತು ಕಪಾಟಿಗೆ ಎಸೆದಿದ್ದ.

ಹೆಂಡತಿ ಚೈತ್ರಾ ಚಪ್ಪಾಳೆ ತಟ್ಟಲಿಲ್ಲ. ತಟ್ಟುವುದಾದರೂ ಹೇಗೆ, ಬಲಗೈ ಮಣಿಕಟ್ಟು ಊದಿ ಕಡುಬಾಗಿತ್ತು.

ಮರುದಿನ ಬೆಳಿಗ್ಗೆ, ಸಂಯಮವನ್ನು ಕಂಡುಹಿಡಿದ ಡಾ. ಮೇಧಾ ಕಟ್ಟಿ ತಮ್ಮ ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಇಬ್ಬರನ್ನೂ ಎದುರು ಕೂರಿಸಿಕೊಂಡರು. ಅದು ಇನ್ನೂರನೆಯ ದಿನ. ಮನೆಯವರು 'ಗುಣವಾಗಿದೆ' ಎಂದು ಸಹಿ ಹಾಕಿದರೆ ಪ್ರಯೋಗ ಮುಗಿಯುತ್ತದೆ, ಸಂಯಮ ಊರೂರಿಗೆ ಹೋಗುತ್ತದೆ. ಚೈತ್ರಾಳಿಗೋ, ಸಹಿ ಹಾಕಿದರೆ ವಾರದ ತಪಾಸಣೆ ನಿಲ್ಲುತ್ತದೆ. ಆಮೇಲೆ ಅವಳ ಮಾತು ಕೇಳಲು ನರಪಿಳ್ಳೆಯೂ ಇರುವುದಿಲ್ಲ.

"ಇನ್ನೂರು ದಿವಸ ಒಂದು ಹನಿ ಮುಟ್ಟಿಲ್ಲ ನಿಮ್ಮನಿಯವ್ರು. ಮತ್ಯಾಕ ಸಹಿ ಹಾಕವಲ್ರಿ?" ಎಂದರು ಡಾಕ್ಟರು.

ಚೈತ್ರಾ ಕೈ ಮುಂದಿಟ್ಟಳು. "ಇದು ಶುಕ್ರವಾರದ್ದು."

ಡಾಕ್ಟರು ಪರದೆ ನೋಡಿದರು. "ಶುಕ್ರವಾರ ರಕ್ತದಾಗ ಮದ್ಯ ಸೊನ್ನೆ ಅದ."

"ಹೂಂನ್ರಿ, ಸೊನ್ನೆನ ಇತ್ತು. ಚಹಾ ಆರಿತ್ತಂತ ಕೈ ತಿರುವಿದ್ರು. ಮೊದಲ ಕುಡದು ಹೊಡೀತಿದ್ರು. ಈಗ ಗುರಿ ತಪ್ಪೂದಿಲ್ಲ, ಅಷ್ಟ ಫರಕು."

"ಏ, ಸಾಕ್ಮಾಡ!" ಕಿರಣ ಗುಡುಗಿದ. "ಕುಡೀಬ್ಯಾಡ ಅಂದಿ, ಬಿಟ್ಟೆ. ಇನ್ನೇನು ನಿನ್ನ ಕಾಲಿಗೆ ಬೀಳ್ಲೇನು?"

"ಕಿವಿಗೆ ಆ ಗುಂಡಿ ಹಾಕ್ಕೋರಿ."

"ಬೇಕಾದ್ರ ನಾಳಿಂದ ಮತ್ತ ಕುಡೀತೀನಿ. ಆ ಗುಂಡಿಗೆ ಜವಾಬು ಕೊಡಾಕ ನಾ ಏನು ಕಟಕಟೆಯಾಗ ನಿಂತೇನೇನು?"

ಡಾಕ್ಟರ ಮುಖ ಕೆಂಪೇರಿತು. ಮೊದಲ ಮಾದರಿಯಲ್ಲಿ ಔಷಧ ಬೇಕಾದರೆ ಗುಂಡಿಯ ಮಾತಿನ ಚಿಕಿತ್ಸೆಯೂ ಕಡ್ಡಾಯವಿತ್ತು. ಹತ್ತರಲ್ಲಿ ಏಳು ಗಂಡಸರು ಎದ್ದುಹೋದರು. ಪ್ರಯೋಗ ಉಳಿಯಲೆಂದು ಅದನ್ನು 'ಬೇಕಿದ್ದವರಿಗೆ ಮಾತ್ರ' ಎಂದು ಬದಲಿಸಿದವರು ಇವರೇ. ಹಾಗೆಂದ ಮೇಲೆ ಯಾರಿಗೆ ಬೇಕು ಸ್ವಾಮಿ!

"ಕಡ್ಡಾಯ ಮಾಡಿದ್ರ ಯಾರೂ ಬರೂದಿಲ್ಲ, ಚೈತ್ರಾ," ಎಂದರು, ತುಸು ಕಟುವಾಗಿಯೇ. "ಅರ್ಧಾನಾದ್ರೂ ಸಿಗಲಿ."

"ಆ ಅರ್ಧ ನಿಮಗ ಸಿಕ್ಕಿತ್ರಿ. ಉಳಿದರ್ಧ ನನ್ನ ಮೈಮ್ಯಾಲ ಬಿತ್ತು." ಚೈತ್ರಾ ಸಹಿಯ ಹಲಗೆಯನ್ನು ದೂಡಿ ಎದ್ದಳು. "ಬರಕೋರಿ. ಕುಡಿಯೂದು ಬಿಟ್ಟಾರ, ಹೊಡಿಯೂದು ಬಿಟ್ಟಿಲ್ಲ."

ಹೊರಗೆ ಬಂದು ಗದಗಿನಲ್ಲಿದ್ದ ತಾಯಿಗೆ ಫೋನು ಮಾಡಿದಳು. "ಊರಿಗೆ ಬರಾಕತ್ತೀನವ್ವಾ. ಮತ್ತ ಕೈ ಮಾಡಿದ್ರು."

"ಕುಡದಿದ್ದನೇನ?" ತಾಯಿ ಥಟ್ಟನೆ ಕೇಳಿದಳು.

ಹದಿನೈದು ವರ್ಷ ಈ ಪ್ರಶ್ನೆಗೆ ಚೈತ್ರಾ ಹೂಂ ಎಂದಿದ್ದಳು. ಹೂಂ ಎಂದೊಡನೆ ತಾಯಿ, 'ಕುಡದಾಗ ಅಷ್ಟ, ಇಲ್ಲಂದ್ರ ಬಂಗಾರದಂಥಾ ಮನಷ್ಯಾ' ಎಂದು ಸಮಾಧಾನ ಹೇಳಿ ತಿರುಗಿ ಕಳಿಸುತ್ತಿದ್ದಳು. ಇದನ್ನು ಓದುತ್ತಿರುವ ನಮ್ಮ ಕಾಲಕ್ಕೆ ಸಂಯಮ ಬರಲು ಇನ್ನೂ ಮೂವತ್ತು ನಲವತ್ತು ವರ್ಷವಿದೆ. ತಪ್ಪನ್ನೆಲ್ಲ ಬಾಟಲಿಯ ಮೇಲೆ ಹೊರಿಸಿ ಮನುಷ್ಯನನ್ನು ಬಿಟ್ಟುಬಿಡುವ ಕೆಲಸವನ್ನು ನಾವು ಇವತ್ತೂ ಮಾಡುತ್ತಿದ್ದೇವೆ.

"ಇಲ್ಲವ್ವಾ. ಕುಡದಿದ್ದಿಲ್ಲ."



"ಹಂಗಾದ್ರ," ಎಂದಳು ತಾಯಿ, "ಯಾಕ ಹೊಡದ?"