ಕಾರಣ ಕೇಳದ ಊರು

ನೀರಿನೊಳಗೆ ಇಳಿಯುತ್ತಿದ್ದಂತೆ ಅವಳ ಬಲಗಿವಿಯಲ್ಲಿ ಯಾರೋ ಸೂಜಿ ಚುಚ್ಚಿದಂತಾಯಿತು. ಆದರೂ ಬೆರಳು ಮಡಚಿ ‘ಎಲ್ಲ ಸರಿಯಾಗಿದೆ’ ಎಂದು ಸನ್ನೆ ಮಾಡಿದಳು.

ಎದುರಿಗಿದ್ದ, ಸ್ಕೂಬಾ ಎಂಬ ಆಳನೀರಿನ ಈಜು ಕಲಿಸುವವನು ಅದನ್ನು ನಂಬಲಿಲ್ಲ. ಮುಖಕ್ಕೆ ಕಟ್ಟಿದ ಗಾಜಿನ ಹಿಂದೆ ಅವಳ ಹುಬ್ಬು ಗಂಟಾದುದನ್ನು ನೋಡಿದ. ಹೆಬ್ಬೆರಳು ಮೇಲೆತ್ತಿದ. ನೀರಿನಲ್ಲಿ ಅದಕ್ಕೆ ಮೇಲಕ್ಕೆ ಹೋಗೋಣವೆಂದು ಅರ್ಥ. ಅವಳು ತಲೆಯಾಡಿಸಿ ಬೇಡವೆಂದಳು.

ಅವನು ಅವಳ ಕೈ ಹಿಡಿದ. ಆತುರವಿಲ್ಲದೆ, ಅವಳ ಉಸಿರಿಗೆ ತನ್ನ ಉಸಿರು ಹೊಂದಿಸಿಕೊಂಡು, ಬೆಳಕಿನ ಕಡೆಗೆ ಕರೆತಂದ.

ಅವಳಿಗೆ ಸಿಟ್ಟು ಬಂತು. ತಲೆ ನೀರಿನ ಮೇಲೆ ಬಂದದ್ದೇ ಬಾಯಿಂದ ಕೊಳವೆ ತೆಗೆದು ತನ್ನ ಭಾಷೆಯಲ್ಲಿ ಗೊಣಗಿದಳು: “ದೊಡ್ಡ ಮೇಷ್ಟ್ರು ಬಂದ್ಬಿಟ್ಟ... ನನ್ನ ಕಿವಿ, ನನ್ನ ನೋವು. ಇವನಿಗೇನಂತೆ?”

“ಕಿವಿ ನಿಮ್ದೇ. ಅದರ ಪರದೆ ಹರಿದ್ರೆ ನನ್ನ ಕೆಲಸ ಹೋಗುತ್ತೆ, ಅಷ್ಟೇ,” ಎಂದ ಅವನು, ಅಚ್ಚ ಕನ್ನಡದಲ್ಲಿ.

ಅಲ್ಲಿಯವರೆಗೆ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳೋಣವೆಂದರೆ ಅವಳ ಕಾಲ ಕೆಳಗೆ ಭೂಮಿಯೇ ಇರಲಿಲ್ಲ!

ಅಂದಿನಿಂದ ಅವನ ಹೆಸರು ‘ಮೇಷ್ಟ್ರು’ ಎಂದೇ ಆಯಿತು.

ದೋಣಿಯಲ್ಲಿ ಕೂತ ಮೇಲೆ ಅವನು ತಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಿದ. “ಯಾರು ಯಾವಾಗ ಬೇಕಾದ್ರೂ ಮೇಲೆ ಹೋಗೋಣ ಅನ್ನಬಹುದು. ಜೊತೆಗಾರ ಮರುಮಾತಿಲ್ದೆ ಬರ್ಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ. ಕೇಳಿದ್ರೆ, ಮುಂದಿನ ಸಲ ನಾಚಿಕೆಗೆ ಬಿದ್ದು ಸುಮ್ಮನಿರ್ತಾರೆ. ನೀರಲ್ಲಿ ಹಾಗೆ ಸುಮ್ಮನಿದ್ದೋರೇ ಸಾಯೋದು.”

“ದೋಣಿಗೆ ಬಂದ ಮೇಲೂ ಕೇಳಲ್ವಾ?”

“ಇಲ್ಲ. ಆಮೇಲೂ ಇಲ್ಲ.”

ಅವಳು ಮುಖ ತಿರುಗಿಸಿ ಅಲೆಗಳನ್ನು ನೋಡತೊಡಗಿದಳು. ಎದೆಯೊಳಗೆ ಬಿಗಿದು ಕಟ್ಟಿದ್ದ ಯಾವುದೋ ಗಂಟು ಸ್ವಲ್ಪ ಸಡಿಲಾಯಿತು... ಕಾರಣ ಕೇಳದ ಜನರೂ ಈ ಲೋಕದಲ್ಲಿ ಇದ್ದಾರೆಯೇ?

ಅವಳು ಗಂಡನನ್ನು ಕಳೆದುಕೊಂಡವಳು. ಆಸ್ಪತ್ರೆಯ ವೈದ್ಯರು ಹೇಳಿ ಧ್ವನಿಮುದ್ರಿಸಿ ಕಳಿಸುವ ವರದಿಗಳನ್ನು ಕೇಳಿ ಟೈಪು ಮಾಡುವುದು ಅವಳ ಉದ್ಯೋಗ. ಎದೆನೋವು, ಎಡಗೈ ಸೆಳೆತ, ಬೆವರು... ವರ್ಷಗಟ್ಟಲೆ ಇದನ್ನೇ ಟೈಪು ಮಾಡಿದವಳು. ಗಂಡ ಒಂದು ದಿನ ಎದೆ ಉರಿಯೆಂದು ಮಲಗಿದವನು ಏಳಲಿಲ್ಲ. ದುಃಖ ವಿಚಾರಿಸಲು ಬಂದವರೆಲ್ಲ ಕೂತು, ನೀರು ಕುಡಿದು, ಒಂದೇ ಮಾತು ಕೇಳಿದರು. ಬೇಗ ಯಾಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ? ದಿನವಿಡೀ ರೋಗದ ವಿಷಯವನ್ನೇ ಬರೆಯುವವಳಿಗೆ ಗೊತ್ತಾಗಲಿಲ್ಲವೇ?

ಕೇಳಿದವರು ಕೆಟ್ಟವರಲ್ಲ. ಬಾಯಿಗೆ ಬಂದದ್ದು ಕೇಳಿದರು, ಮರೆತರು. ಆದರೆ ಕೇಳಿಸಿಕೊಂಡವರು ಮರೆಯುವುದು ಹೇಗೆ?

ಅತ್ತೆಯೊಬ್ಬರೇ ಏನೂ ಕೇಳಲಿಲ್ಲ. ಮಗನನ್ನು ಕಳೆದುಕೊಂಡ ಆ ಹಿರಿಯ ಜೀವ ಸೊಸೆಯ ತಲೆ ಸವರಿ, ದೂರದ ಊರಲ್ಲಿ ಸ್ವಲ್ಪ ದಿನ ಇದ್ದು ಬಾ ಎಂದು ಕಳಿಸಿತು. ಅವಳ ಊರಿನ ಈಜುಕೊಳದಲ್ಲಿ ಒಮ್ಮೆ ಸ್ಕೂಬಾ ಕಲಿಸಿದ್ದರು. ನೀರಿನೊಳಗೆ ಯಾರೂ ಮಾತಾಡಲಾರರೆಂಬುದೇ ಅವಳಿಗೆ ಹಿಡಿಸಿತು. ಕೆಲಸಕ್ಕೆ ಬೇಕಾದುದು ಲ್ಯಾಪ್‌ಟಾಪು, ಹೆಡ್‌ಫೋನು, ನಿಲ್ಲದ ಇಂಟರ್ನೆಟ್. ಬೆಳಿಗ್ಗೆ ನೀರು, ಸಂಜೆ ಪಾಳಿ. ಹೀಗೆಂದು ಲೆಕ್ಕ ಹಾಕಿ ಹೊರದೇಶಕ್ಕೆ ಬಂದಿದ್ದಳು.

ಎಲ್ಲಿ ಇರಬೇಕೆಂಬುದೇ ಈಗಿನ ಪ್ರಶ್ನೆ. ಎರಡು ಊರುಗಳಿದ್ದವು.

ಮೇಷ್ಟ್ರ ಊರಿನಲ್ಲಿ ನೀರು ಕನ್ನಡಿಯಂತೆ ತಿಳಿ. ಆದರೆ ಅವಳ ಬಾಡಿಗೆ ಕೋಣೆ ಡೈವಿಂಗ್ ಅಂಗಡಿಯ ಮೇಲಿತ್ತು. ಕೆಳಗೆ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಗುಡುಗಿದರೆ ಹೆಡ್‌ಫೋನಿನಲ್ಲಿ ವೈದ್ಯರ ಮಾತು ಮುಳುಗುತ್ತಿತ್ತು. ಇಂಟರ್ನೆಟ್ಟಂತೂ ಬಂದ ನೆಂಟ, ಯಾವಾಗ ಎದ್ದು ಹೋಗುವುದೋ ಹೇಳುವಂತಿಲ್ಲ. ಕರಾವಳಿಯ ಇನ್ನೊಂದು ಊರಿನಲ್ಲಿ ನೀರು ಮಸುಕು, ಚಳಿ. ಆದರೆ ಒಳ್ಳೆಯ ಲೈನು, ನಿಶ್ಶಬ್ದವಾದ ಕೋಣೆ. ತಿಂಗಳು ಮುಗಿಯುವುದರೊಳಗೆ ವಿಳಾಸ ಗಟ್ಟಿ ಮಾಡಿ ತಿಳಿಸಬೇಕೆಂದು ಆಫೀಸಿನವರು ಹೇಳಿದ್ದರು.

ಬುದ್ಧಿ ಆ ಊರು ಎಂದಿತು. ಮನಸ್ಸು ಮಾತ್ರ ಕೆಳಗಿನ ಅಂಗಡಿಯ ಸದ್ದಿಗೆ ಕಿವಿಗೊಟ್ಟು ಕೂತಿತ್ತು.

ದಿನವೂ ಅವನೊಡನೆ ಇಳಿಯುತ್ತಿದ್ದಳು. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಪಡಿಸಿಕೊಳ್ಳುವುದನ್ನು ಅವನು ತಾಳ್ಮೆಯಿಂದ ಕಲಿಸಿದ. ಸಂಜೆ ಅವಳು ಕೆಲಸಕ್ಕೆ ಕೂತದ್ದು ಕಂಡರೆ ಯಂತ್ರ ನಿಲ್ಲಿಸುತ್ತಿದ್ದ. ಮದುವೆಯ ಮಾತೆತ್ತಿದರೆ ತಮ್ಮ ಸಮುದ್ರಕ್ಕೆ ಹಾರುತ್ತಾನೆಂದು ತನ್ನ ಅಕ್ಕ ಊರಲ್ಲಿ ಹೇಳಿಕೊಂಡು ತಿರುಗುತ್ತಾಳೆ ಎಂದು ಹೇಳಿ ನಗಿಸಿದ. ಅವಳ ಬಗ್ಗೆ ಮಾತ್ರ ಏನನ್ನೂ ಕೇಳಲಿಲ್ಲ.

ಮೊದಮೊದಲು ಅದು ನೆರಳಿನಂತೆ ತಂಪಾಗಿತ್ತು. ಬರಬರುತ್ತಾ ಚುಚ್ಚತೊಡಗಿತು.

ಒಂದು ಬೆಳಿಗ್ಗೆ ಅವನು ಗಾಳಿ ತುಂಬಿಸುತ್ತಿದ್ದಾಗ ಹೋಗಿ ನಿಂತಳು. ಆ ಇನ್ನೊಂದು ಊರಿಗೆ ಹೋಗಿ ನೋಡುತ್ತೇನೆ, ಬಹುಶಃ ಅಲ್ಲೇ ಇರುತ್ತೇನೆ ಎಂದಳು. ‘ಯಾಕೆ ಅಂತ ಕೇಳು... ಒಂದೇ ಒಂದು ಸಲ ಕೇಳು!’ ಎಂದು ಒಳಗೊಳಗೇ ಬೇಡಿಕೊಂಡಳು.

ಅವನು ಯಂತ್ರ ನಿಲ್ಲಿಸಿದ. ಬಿಸಿಯಾಗಿದ್ದ ಸಿಲಿಂಡರಿನ ಮೇಲೆ ಕೈಯಿಟ್ಟವನು ತೆಗೆಯುವುದನ್ನೇ ಮರೆತು ನಿಂತ.

“ಸರಿ,” ಎಂದ ಕೊನೆಗೆ. “ಅಲ್ಲಿ ನೀರು ತಣ್ಣಗಿರುತ್ತೆ. ದಪ್ಪ ಡೈವಿಂಗ್ ಸೂಟ್ ಹಾಕ್ಕೊಳ್ಳಿ.”

ಅಷ್ಟೇ! ನಾನಿದ್ದರೂ ಒಂದೇ, ಹೋದರೂ ಒಂದೇ ಎಂದು ಕಣ್ಣೊರೆಸಿಕೊಳ್ಳುತ್ತಾ ಅವಳು ಬಸ್ಸು ಹತ್ತಿದಳು.

ಹೊಸ ಊರಿನಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ವೈದ್ಯರ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ನೀರಿಗಿಳಿಯಲು ಜೊತೆಗಾರ್ತಿಯೂ ಸಿಕ್ಕಿದಳು. ನಿವೃತ್ತಳಾದ ನರ್ಸು, ಬಲು ಮಾತುಗಾತಿ. ಆದರೆ ಒಂದು ದಿನ ನೀರಿನ ನಡುವೆ ಆಕೆ ಇದ್ದಕ್ಕಿದ್ದಂತೆ ಹೆಬ್ಬೆರಳೆತ್ತಿದಳು. ಇವಳು ಪದ್ಧತಿಯಂತೆ ಆಕೆಯ ಕೈ ಹಿಡಿದು ಮೇಲೆ ಬಂದಳು.

ದೋಣಿಯಲ್ಲಿ ಆ ಮಾತುಗಾತಿ ಮಾತಿಲ್ಲದೆ ಕೂತಿದ್ದಳು. ‘ಏನಾಯಿತು?’ ಎಂಬ ಮಾತು ಇವಳ ನಾಲಿಗೆಯ ತುದಿಗೆ ಬಂತು. ಕಚ್ಚಿ ಹಿಡಿದಳು. ಟವೆಲು ಹೊದಿಸಿದಳು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟಳು, ಗಾಳಿ ಬೀಸುವ ಕಡೆಗೆ ತಾನು ಹೋಗಿ ಅಡ್ಡ ಕೂತಳು. ಮನೆಗೆ ಬಂದ ಮೇಲೂ ಆಕೆಯದೇ ಧ್ಯಾನ. ವರದಿಯಲ್ಲಿ ತಪ್ಪಿನ ಮೇಲೆ ತಪ್ಪು.

ಕೇಳದೆ ಇರುವುದು ಇಷ್ಟು ಕಷ್ಟವೇ?

ಬಿಸಿ ಸಿಲಿಂಡರಿನ ಮೇಲೆ ಮರೆತು ಇಟ್ಟಿದ್ದ ಕೈ ಅವಳ ಕಣ್ಣ ಮುಂದೆ ಬಂತು. ದಪ್ಪ ಸೂಟು ಎಂದನಲ್ಲ... ಬೇಡವಾದವರಿಗೆ ಚಳಿಯಾದೀತೆಂದು ಯಾರು ಹೆದರುತ್ತಾರೆ?

ಅತ್ತೆಗೆ ಫೋನು ಮಾಡಿದಳು. ಮೇಷ್ಟ್ರ ವಿಷಯವನ್ನು ಬಹಳ ತಡವರಿಸಿ ಹೇಳಿ ಮುಗಿಸಿದಳು.

“ಅತ್ತೆ... ಬೇಜಾರಾಯ್ತಾ?”

“ಆಗ್ದೆ ಇರುತ್ತಾ? ಅವನು ನಾನು ಹೆತ್ತ ಮಗ,” ಎಂದರು ಅತ್ತೆ. “ಆದ್ರೆ ಅವನು ಹೋದ ದಿನ ನಿನ್ನ ದನಿನೂ ಹೋಗಿತ್ತು ಕಣೇ. ಇವತ್ತು ಕೇಳ್ತಾ ಇದೆ. ದಿನಾ ದೇವರ ಮುಂದೆ ಕೂತು ನಾನು ಬೇಡಿಕೊಂಡಿದ್ದು ಇದನ್ನೇ. ಕೊಟ್ಟ ಮೇಲೆ ಬೇಡ ಅನ್ನೋಕಾಗುತ್ತಾ?”

ಅವಳು ಅಳತೊಡಗಿದಳು. ಅತ್ತೆ ಅಳಲು ಬಿಟ್ಟರು. ಆಮೇಲೆ ಗದರಿದರು: “ಅಳದಿದ್ರೆ ತಾಯಿನೂ ಹಾಲು ಕೊಡಲ್ಲ. ನೀನು ಬಾಯಿಗೆ ಬೀಗ ಹಾಕ್ಕೊಂಡು, ಅವನು ಕೇಳ್ಲಿಲ್ಲ ಅಂತ ಗೋಳಾಡ್ತೀಯಲ್ಲ. ನಾಳೆನೇ ಹೋಗು.”

ಮರುದಿನದ ಬಸ್ಸಿನಲ್ಲಿ ಅವಳು ಹಿಂತಿರುಗಿದಳು. ಅಂಗಡಿಯ ಹಿಂದೆ ಅವನು ತೊಟ್ಟಿಯ ಸಿಹಿನೀರಿನಲ್ಲಿ ಸೂಟುಗಳನ್ನು ಅದ್ದಿ ಉಪ್ಪು ತೊಳೆಯುತ್ತಿದ್ದ. ಅವಳನ್ನು ನೋಡಿದ್ದೇ ಅವನ ಕೈಯಲ್ಲಿದ್ದ ಸೂಟು ಜಾರಿ ಮುಳುಗಿತು. ಕಿವಿ ಹೇಗಿದೆ ಎಂದು ವಿಚಾರಿಸಿದ. ಚೆನ್ನಾಗಿದೆ ಎಂದಳು.

“ಮೇಷ್ಟ್ರೇ, ನಾನು ಯಾಕೆ ಹೋದೆ ಅಂತ ನೀವು ಕೇಳ್ಲೇ ಇಲ್ಲ.”

“ಕೇಳಿದ್ರೆ ಮುಲಾಜಿಗೆ ಇದ್ಬಿಡ್ತೀರೇನೋ ಅಂತ ಹೆದರಿಕೆ. ನೋವಿದ್ರೂ ಸರಿ ಇದೆ ಅನ್ನೋರು ನೀವು.”

ಅವಳು ತೊಟ್ಟಿಯ ಅಂಚಿನಲ್ಲಿ ಕೂತಳು. ಯಾರೂ ಕೇಳದೆಯೇ, ತಾನಾಗಿ, ಗಂಡನ ಕೊನೆಯ ದಿನದ ಕಥೆಯನ್ನು ಹೇಳಿದಳು. “ಎದೆ ಉರಿ ಅಷ್ಟೇ ಅಂದ್ರು. ನಾನು ನಂಬಿದೆ. ದಿನಾ ಅದನ್ನೇ ಟೈಪ್ ಮಾಡ್ತಿದ್ದೆ... ಆದ್ರೂ ನನಗೆ ಗೊತ್ತಾಗ್ಲಿಲ್ಲ.”

ಅವನು ಮುಳುಗಿದ್ದ ಸೂಟನ್ನು ಎತ್ತಿ ಹಿಂಡಿ ಬದಿಗಿಟ್ಟ.

“ಆವತ್ತು ನಿಮ್ಮ ಹುಬ್ಬು ಗಂಟಾಗದೇ ಇದ್ದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ,” ಎಂದ. “ಹನ್ನೆರಡು ವರ್ಷದಿಂದ ಅದೇ ಕೆಲಸ ನಂದು. ಎದುರಿಗಿರೋರು ಸರಿ ಇದೆ ಅಂದಾಗ ನಂಬೋದು ತಪ್ಪಲ್ಲ. ಇಷ್ಟಪಟ್ಟೋರು ನಂಬ್ತಾರೆ.”

ಎಷ್ಟೋ ಕಾಲದಿಂದ ಹೊತ್ತ ಹೊರೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿದಂತಾಯಿತು. ಅವಳು ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡಳು. ಉಪ್ಪುಪ್ಪಾಗಿತ್ತು. ತನ್ನ ಕಣ್ಣೀರೋ, ಸೂಟಿನ ಉಪ್ಪೋ ತಿಳಿಯದೆ ನಗು ಬಂತು.

ಆಗ ಅವನು ತಲೆ ತಗ್ಗಿಸಿ ಇನ್ನೊಂದು ವಿಷಯ ಹೇಳಿದ. ಅವಳು ಹೋಗಿದ್ದ ಊರಿನ ಡೈವಿಂಗ್ ಅಂಗಡಿಯಲ್ಲಿ ಕೆಲಸ ಕೇಳಿದ್ದನಂತೆ, ಬರುವ ವಾರದಿಂದ ಬಾ ಎಂದಿದ್ದರಂತೆ.

“ಆ ಕೊಚ್ಚೆ ನೀರಿಗಾ?”

“ನೀರು ನೋಡೋಕೆ ಹೋಗ್ತಿರ್ಲಿಲ್ಲ.”

ಅವಳಿಗೆ ಕೆನ್ನೆ ಬಿಸಿಯಾಯಿತು. ಆಫೀಸಿಗೆ ಇವತ್ತೇ ವಿಳಾಸ ಕಳಿಸಬೇಕೆಂದಳು. ಅವನು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು ಎದುರಿಗೆ ಬಂದು ನಿಂತ.

“ನಿಮ್ಮನ್ನ ಬಿಟ್ಟಿರೋಕೆ ನನಗೆ ಆಗಲ್ಲ. ಇಲ್ಲೇ ಇರ್ತೀರಾ?”

“ಇರ್ತೀನಿ.”

“ಇಲ್ಲಿ ನೆಟ್ ಆಗಾಗ ಹೋಗುತ್ತೆ...”

“ಹೋದ್ರೆ ಬರುತ್ತೆ ಮೇಷ್ಟ್ರೇ. ನಾನು ಬರ್ಲಿಲ್ವಾ?”