ತಂತಿಯಿಲ್ಲದ ಗಿಟಾರ್

ಇಪ್ಪತ್ತು ವರ್ಷದಿಂದ ಗಿಟಾರ್ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ದೆವ್ವಗಿವ್ವ ಎಂದರೆ ನಕ್ಕುಬಿಡುತ್ತಿದ್ದವನು ನಾನು. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬ ಹೆಂಗಸು ತೀರಿಕೊಂಡ ಅಣ್ಣನ ಎಲೆಕ್ಟ್ರಿಕ್ ಗಿಟಾರ್ ತಂದರು.

"ಸದ್ದೇ ಬರ್ತಿಲ್ಲ ಸಾರ್. ನನ್ನ ಮಗಳು ಇದರಲ್ಲೇ ಕಲೀಬೇಕು ಅಂತ ಹಟ ಹಿಡಿದಿದ್ದಾಳೆ," ಎಂದು ಎದುರಿನ ಸ್ಟೂಲಿನ ಮೇಲೆ ಕೂತರು.

ತಂತಿಯ ಸದ್ದು ಹಿಡಿಯುವ ಪಿಕಪ್‌ಗಳು ಕೆಟ್ಟುಹೋಗಿದ್ದವು. ಆರೂ ತಂತಿ ಬಿಚ್ಚಿಟ್ಟು ಹೊಸ ಪಿಕಪ್ ಕೂರಿಸಿದೆ. ಅಂಗಿ ಬೆನ್ನಿಗೆ ಅಂಟುವಂಥ ಸೆಕೆ. ಗಿಟಾರ್ ಮಾತ್ರ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಬೆಸುಗೆಯ ಸೀಸ ವಯರಿಗೆ ಹಿಡಿಯುವ ಮೊದಲೇ ಗಟ್ಟಿಯಾಗುತ್ತಿತ್ತು. ಒಂದೊಂದು ಕಡೆಯೂ ಮೂರು ಮೂರು ಸಲ ಹಾಕಬೇಕಾಯಿತು.

ಕೊನೆಗೆ ಪಿಕಪ್‌ಗಳನ್ನು ಪರೀಕ್ಷೆ ಮಾಡಲೆಂದು ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿದೆ. ಸಡಿಲವಾದ ತಂತಿಯೊಂದನ್ನು ಮೀಟಿ, ಬಿಗಿದು, ಮತ್ತೆ ಮೀಟಿದ ಸದ್ದು ಸ್ಪೀಕರಿನಿಂದ ಬಂತು. ಯಾರೋ ನಿಧಾನವಾಗಿ ಶ್ರುತಿ ಮಾಡುತ್ತಿದ್ದರು. ಗಿಟಾರಿನಲ್ಲಿ ಒಂದು ತಂತಿಯೂ ಇರಲಿಲ್ಲ.

"ಅಣ್ಣ ಯಾವಾಗ್ಲೂ ಹೀಗೇ, ತುಂಬಾ ಹೊತ್ತು ತಗೋತಾನೆ," ಎಂದರು ಆಕೆ, ಮೆಲ್ಲಗೆ.

ಆಂಪ್ಲಿಫೈಯರಿನ ವಯರನ್ನು ಕಿತ್ತು ಬಿಸಾಡಿದೆ. ಸದ್ದು ನಿಂತಿತು.

"ಯಾಕ್ ಸಾರ್ ತೆಗೆದ್ರಿ? ಅವನದಿನ್ನೂ ಮುಗಿದಿಲ್ಲ," ಎನ್ನುತ್ತಾ ಆಕೆ ಗಿಟಾರಿನ ತುದಿಯತ್ತ ಬೆರಳು ಮಾಡಿದರು. ತಂತಿ ಬಿಗಿಯುವ ಬಿರಡೆಗಳಲ್ಲಿ ನಾಲ್ಕನೆಯದು ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು.

ಆಕೆ ತಂತಿ ಹಾಕಿಸಿಕೊಳ್ಳದೆಯೇ ಗಿಟಾರನ್ನು ಮಗುವಿನಂತೆ ಹೆಗಲಿಗೊರಗಿಸಿಕೊಂಡು ಹೊರಟರು. ಅವರು ಮೆಟ್ಟಿಲಿಳಿಯುವಾಗ ನೋಡಿದೆ. ನಾಲ್ಕನೆಯದು ನಿಂತಿತ್ತು, ಐದನೆಯದು ತಿರುಗತೊಡಗಿತ್ತು.