ಮುಂದಿನ ಸೀಟು, ಹಿಂದಕ್ಕೆ ಮುಖ

“ಮುಂದೆ ನೋಡ್ಕೊಂಡು ಕೂತ್ಕೊಳ್ಳಿ ಮೇಡಂ.”

ಅವನು ಅವಳಿಗೆ ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ, ಮುಖದಲ್ಲಿ ನಗುವೂ ಇಲ್ಲ!

ಅವಳಿಗೆ ಉರಿದುಹೋಯಿತು. “ನಾನು ಗೈಡು ಕಣ್ರೀ. ಗೆಸ್ಟ್‌ಗಳು ಹಿಂದೆ ಕೂತಿರ್ತಾರೆ. ಮುಂದಿನ ಗಾಜು ನೋಡ್ಕೊಂಡು ಮಾತಾಡಿದ್ರೆ ಕಥೆ ಯಾರಿಗೆ ಹೇಳಿದ ಹಾಗಾಯ್ತು?”

“ತಲೆ ಸುತ್ತುತ್ತೆ.”

“ನನ್ನ ತಲೆ, ನಾನು ನೋಡ್ಕೋತೀನಿ. ನೀವು ರಸ್ತೆ ನೋಡಿ.”

ಅವನು ರಸ್ತೆ ನೋಡಿದ. ಅಂದಿನಿಂದ ಒಂದೂವರೆ ವರ್ಷ ರಸ್ತೆಯನ್ನೇ ನೋಡಿದ.

ಅವರಿಬ್ಬರ ಕೆಲಸವೇ ಅಂಥದ್ದು. ಒಂದು ಕಾರು, ಒಬ್ಬ ಡ್ರೈವರು, ಒಬ್ಬಳು ಗೈಡು, ಇಬ್ಬರೋ ಮೂವರೋ ಅತಿಥಿಗಳು. ಬೆಳಿಗ್ಗೆ ಎರಡು ಹಳೆಯ ಅರಮನೆ, ಮಧ್ಯಾಹ್ನ ಕಡಲತೀರ, ಇಳಿಹೊತ್ತಿಗೆ ಗುಡ್ಡದ ಮೇಲಿನ ದ್ರಾಕ್ಷಿ ತೋಟದ ವೈನರಿ. ಅರಮನೆಯ ಕೋಣೆಗಳಲ್ಲಿ ಗೈಡುಗಳು ದನಿಯೆತ್ತಿ ಮಾತನಾಡುವಂತಿಲ್ಲ. ಆದ್ದರಿಂದ ಕಥೆಯೆಲ್ಲ ಕಾರಿನಲ್ಲೇ ಮುಗಿಯಬೇಕು. ಅವಳು ಮುಂದಿನ ಸೀಟಿನಲ್ಲಿ ಒಂದು ಮೊಣಕಾಲು ಮಡಚಿ, ಬೆನ್ನನ್ನು ಬಾಗಿಲಿಗೆ ಆನಿಸಿ, ಹಿಂದಕ್ಕೆ ಮುಖ ಮಾಡಿ ಕೂತರೆ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಆಫೀಸಿನಲ್ಲಿ ಅವಳ ಹೆಸರು ‘ರೇಡಿಯೋ’. ಅವನಿಗೆ ‘ಮೌನಿಬಾಬಾ’ ಎಂದು ಹೆಸರಿಟ್ಟವಳು ಅವಳೇ.

ಮೊದಲನೆಯ ದಿನವೇ ಒಂದು ಅವಮಾನವಾಗಿತ್ತು. ಕಡಲ ಪಕ್ಕದ ರಸ್ತೆಗೆ ಹತ್ತೊಂಬತ್ತು ತಿರುವು. ಹನ್ನೊಂದನೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಎಂದು ಕೈಸನ್ನೆ ಮಾಡಿದವಳು, ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ತಲೆ ಹಿಡಿದು ಕೂತಿದ್ದಳು. ಅತಿಥಿಗಳಿಗೆ “ಬೆಳಿಗ್ಗೆ ತಿಂದ ಬ್ರೆಡ್ ಸರಿ ಇರ್ಲಿಲ್ಲ” ಎಂದಳು. ಅವನು ನೀರಿನ ಬಾಟಲಿ ತಂದುಕೊಟ್ಟ. ‘ನಾನು ಹೇಳಿರ್ಲಿಲ್ವಾ’ ಎಂದು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು.

ಒಂದು ತಿಂಗಳಾದ ಮೇಲೆ ಒಂದು ದಿನವೂ ತಲೆ ಸುತ್ತಲಿಲ್ಲ. ಅಭ್ಯಾಸವಾಯಿತು ಎಂದುಕೊಂಡು ಅವಳು ಬೀಗಿದಳು.

ಆ ಸಿಟ್ಟು ಯಾವಾಗ ಬೇರೆ ಏನೋ ಆಯಿತೋ, ಅದು ಅವಳಿಗೂ ಗೊತ್ತಿಲ್ಲ. ಕಾರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುವ ನೆಪದಲ್ಲಿ ಅವನ ಕಣ್ಣು ನೋಡುವುದು ರೂಢಿಯಾಯಿತು. ಅವನಿಗಾಗಿಯೇ ಒಂದೆರಡು ಹೊಸ ಕಥೆ ಕಟ್ಟಿದಳು. ಅವನು ಗೇರ್ ಬದಲಿಸಿದನೇ ಹೊರತು ಮುಖಭಾವ ಬದಲಿಸಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!

‘ನಾನು ಇರೋದೂ ಒಂದೇ, ಇಲ್ದೆ ಇರೋದೂ ಒಂದೇ ಇವರಿಗೆ...’

ಆ ನೋವೇ ಹೋದ ವಾರ ಅವಳ ಕೈಯಲ್ಲಿ ಪೆನ್ನು ಹಿಡಿಸಿತು. ವೈನರಿಯ ನೆಲಮಾಳಿಗೆಗೆ ನಾಲ್ಕು ಗಂಟೆಯ ಮೇಲೆ ಯಾರನ್ನೂ ಬಿಡುವುದಿಲ್ಲ. ಒಂದೇ ತಿಂಗಳಲ್ಲಿ ಮೂರು ಸಲ ಇವರು ಮುಟ್ಟುವ ಹೊತ್ತಿಗೆ ಬಾಗಿಲು ಹಾಕಿತ್ತು. ಆಫೀಸಿನ ಮ್ಯಾನೇಜರಮ್ಮ ಒಂದು ಫಾರಂ ಮುಂದಿಟ್ಟರು. ತಡವಾದದ್ದಕ್ಕೆ ಕಾರಣ? ಅವಳು ಬರೆದಳು: ‘ಚಾಲಕರು ಕಡಲ ರಸ್ತೆಯಲ್ಲಿ ವಿಪರೀತ ನಿಧಾನ. ಬೇರೆಯವರನ್ನು ಕೊಡಿ.’

ಬರೆದದ್ದು ಸುಳ್ಳಲ್ಲ. ಸೈಕಲ್ಲಿನವರೂ ಅವರ ಕಾರನ್ನು ದಾಟಿ ಹೋಗುತ್ತಿದ್ದರು.

ದೂರು ಕೆಲಸ ಮಾಡಿತು. ನಾಳೆಯಿಂದ ಅವನು ವಿಮಾನ ನಿಲ್ದಾಣದ ಕಾರಿಗೆ, ಅವಳ ಕಾರಿಗೆ ಬೇರೊಬ್ಬ. ಇವತ್ತೇ ಕೊನೆಯ ದಿನ. ಗೆದ್ದವಳಿಗೆ ನೆಮ್ಮದಿಯಾಗಬೇಕಿತ್ತು. ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆಯಿಲ್ಲ.

ಗಾಯದ ಮೇಲೆ ಬರೆ ಎಳೆದ ಹಾಗೆ, ಬೆಳಿಗ್ಗೆ ಎದ್ದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಡಾಕ್ಟರು ಟಾರ್ಚು ಬಿಟ್ಟು ನೋಡಿ, “ಎರಡು ದಿನ ಒಂದು ಮಾತೂ ಇಲ್ಲ. ಪಿಸುಮಾತು ಇನ್ನೂ ಕೆಟ್ಟದ್ದು” ಎಂದು ಬಾಯಿಗೆ ಬೀಗ ಹಾಕಿದರು. ಬದಲಿಗೆ ಬರಲು ಬೇರೆ ಯಾವ ಗೈಡಿಗೂ ಬಿಡುವಿಲ್ಲ. ರೇಡಿಯೋ ಕೆಟ್ಟಿತು, ಅತಿಥಿಗಳು ಬಂದು ನಿಂತರು!

ಬಂದವರು ಒಬ್ಬ ಅಜ್ಜಿ, ಒಬ್ಬ ತಾತ. ಮದುವೆಯಾಗಿ ನಲವತ್ತೆರಡು ವರ್ಷವಂತೆ. ಅವಳು ಸಣ್ಣ ಪುಸ್ತಕದಲ್ಲಿ ‘ಗಂಟಲು ಹೋಗಿದೆ, ಕ್ಷಮಿಸಿ’ ಎಂದು ಬರೆದು ತೋರಿಸಿದಳು.

“ಅಯ್ಯೋ, ಅದಕ್ಯಾಕಮ್ಮ ಕ್ಷಮೆ? ನೀನು ಬಾ, ಹಿಂದೆ ನನ್ನ ಪಕ್ಕ ಕೂತ್ಕೊ,” ಎಂದರು ಅಜ್ಜಿ. “ಇವರಿಗೆ ಮಂಡಿ ನೋವು, ಮುಂದೆ ಕಾಲು ಚಾಚ್ಕೊಳ್ಲಿ. ಆದ್ರೆ ಕಥೆ ಯಾರು ಹೇಳ್ತಾರೆ?”

ಕಾರು ಊರು ದಾಟಿತು. ಆಗ ಡ್ರೈವರ್ ಸೀಟಿನಿಂದ ಒಂದು ಕೆಮ್ಮು ಕೇಳಿಸಿತು.

“ನಾನು ಹೇಳ್ಲಾ ಅಜ್ಜಿ? ಮೇಡಂ ಹೇಳೋದು ಸ್ವಲ್ಪ ಗೊತ್ತು.”

ಸ್ವಲ್ಪವೇ? ಅವನು ಶುರುಮಾಡಿದ್ದು ಮೊದಲ ಅರಮನೆಯ ತಳಪಾಯದಿಂದ. ಕಲ್ಲು ಎಲ್ಲಿಂದ ಬಂತು, ಕನ್ನಡಿ ಕೋಣೆಯಲ್ಲಿ ಎಷ್ಟು ಕನ್ನಡಿ ಒಡೆದಿವೆ, ಅಡುಗೆಯವನಿಗೂ ಮಂತ್ರಿಗೂ ಯಾಕೆ ಜಗಳವಾಯಿತು... ಒಂದೂ ತಪ್ಪಲಿಲ್ಲ. ಅವಳ ಮಾತುಗಳೇ, ಅವಳ ಕ್ರಮದಲ್ಲೇ. ಮಂತ್ರಿಯ ಪೇಟ ಬಾವಿಗೆ ಬಿದ್ದ ಕಡೆ ಅವನು ತಟ್ಟನೆ ನಿಲ್ಲಿಸಿದ.

“ಏನಾಯ್ತಪ್ಪ?” ಎಂದರು ತಾತ.

“ಇಲ್ಲಿ ಮೇಡಂ ನಗ್ತಾರೆ. ಅದಕ್ಕೆ ಸ್ವಲ್ಪ ಜಾಗ ಬಿಟ್ಟೆ.”

ಅಜ್ಜಿ ಗೊಳ್ಳನೆ ನಕ್ಕರು. ಅವಳಿಗೆ ನಗು ಬರಲಿಲ್ಲ. ಕಿವಿಯ ತನಕ ಬಿಸಿಯಾಯಿತು.

‘ಇವರು ಕೇಳಿಸ್ಕೋತಾ ಇದ್ರಾ? ಇಷ್ಟು ದಿನವೂ...?’

ಎರಡನೆಯ ಅರಮನೆಯ ಗೋಪುರ ಕಾಣಿಸಿದಾಗ ಅಜ್ಜಿ ಕೇಳಿದರು. “ಅಲ್ಲಿ ಮೇಲೆ ಒಂದೇ ಒಂದು ನೀಲಿ ಕಿಟಕಿ ಇದೆಯಲ್ಲ, ಅದೇನು?”

“ಅದು ರಾಣಿ ಕಿಟಕಿ. ಅದಕ್ಕೆ ಎರಡು ಕಥೆ ಇದೆ ಅಜ್ಜಿ. ಒಂದರಲ್ಲಿ ರಾಣಿ ಕಾಯ್ತಾನೇ ಇರ್ತಾಳೆ, ರಾಜ ಬರೋದೇ ಇಲ್ಲ. ಇನ್ನೊಂದರಲ್ಲಿ ಬರ್ತಾನೆ.”

“ಯಾವುದಪ್ಪಾ ನಿಜ?”

“ಮೇಡಂಗೆ ಬೇಜಾರಾಗಿದ್ದ ದಿನ ರಾಜ ಬರಲ್ಲ. ಖುಷಿಯಾಗಿದ್ದ ದಿನ ಬಂದ್ಬಿಡ್ತಾನೆ.” ಅವನು ಗೇರ್ ಬದಲಿಸಿದ. “ಈಗ ಎರಡು ತಿಂಗಳಿಂದ ಬಂದಿಲ್ಲ.”

“ಚರಿತ್ರೆ ಪುಸ್ತಕದಲ್ಲಿ ಏನಿದೆ?”

“ಪುಸ್ತಕದಲ್ಲಿ ಕಿಟಕಿ ಮಾತ್ರ ಇದೆ.”

ತಾನು ಹಾಗೆ ಕಥೆ ಬದಲಿಸುತ್ತಿದ್ದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಕಣ್ಣು ತುಂಬಿತ್ತು. ಅಜ್ಜಿ ಏನೂ ಕೇಳದೆ ತಮ್ಮ ಕರವಸ್ತ್ರ ಅವಳ ತೊಡೆಯ ಮೇಲಿಟ್ಟರು.

ಮಧ್ಯಾಹ್ನ ಕಡಲ ದಂಡೆಯಲ್ಲಿ ಊಟ ಮುಗಿಸಿ ಕಾರು ಆ ಹತ್ತೊಂಬತ್ತು ತಿರುವಿನ ರಸ್ತೆ ಹಿಡಿಯಿತು. ಈ ರಸ್ತೆಯಲ್ಲಿ ಅವಳು ನೂರಾರು ಸಲ ಹೋಗಿದ್ದಳು, ಆದರೆ ಮುಂದೆ ನೋಡಿದ್ದು ಇದೇ ಮೊದಲು. ನೀರು ಬಲಕ್ಕೆ ಬರುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಇನ್ನೂ ಹತ್ತಿರ ಬರುತ್ತಿತ್ತು. ಎಷ್ಟು ಚೆಂದವಿತ್ತು! ನೋಡನೋಡುತ್ತಿದ್ದಂತೆ ತಿರುವುಗಳೇ ಮುಗಿದು ದ್ರಾಕ್ಷಿ ತೋಟದ ಬೇಲಿ ಬಂದುಬಿಟ್ಟಿತು.

ಅವಳು ಗಡಿಯಾರ ನೋಡಿದಳು. ಮೂರೂ ಹತ್ತು. ಗಡಿಯಾರ ಕೆಟ್ಟಿದೆಯೇನೋ ಎಂದು ಫೋನು ತೆಗೆದಳು. ಅಲ್ಲೂ ಮೂರೂ ಹತ್ತೇ.

ಅಜ್ಜಿ ತಾತ ಬಳ್ಳಿಗಳ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಅವಳು ಪುಸ್ತಕ ಹಿಡಿದು ಅವನ ಮುಂದೆ ನಿಂತಳು.

‘ಇವತ್ತು ಹೇಗೆ ಇಷ್ಟು ಬೇಗ ಬಂದ್ವಿ?’

ಅವನು ಓದಿದ. “ಇವತ್ತು ನೀವು ಮುಂದೆ ನೋಡ್ಕೊಂಡು ಕೂತಿದ್ರಲ್ಲ ಮೇಡಂ.”

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಮೊದಲನೇ ದಿನ ಹನ್ನೊಂದನೇ ತಿರುವಲ್ಲಿ ಕಲ್ಲಿನ ಮೇಲೆ ಕೂತ್ಬಿಟ್ರಲ್ಲ,” ಅವನು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ. “ಹಿಂದಕ್ಕೆ ಮುಖ ಮಾಡಿ ಕೂತೋರಿಗೆ ತಿರುವು ಆಗಿಬರಲ್ಲ. ಮೂವತ್ತರಲ್ಲಿ ಹೋದ್ರೆ ನಿಮ್ಮ ಮುಖ ಬಿಳಿಚಿಕೊಳ್ಳುತ್ತೆ. ಇಪ್ಪತ್ತೈದಾದ್ರೆ ಮಾತು ನಿಲ್ಲುತ್ತೆ. ಇಪ್ಪತ್ತರಲ್ಲಿ ಏನೂ ಆಗಲ್ಲ, ನಗ್ತಾ ಇರ್ತೀರ. ಅದು ಗೊತ್ತಾಗೋಕೆ ಒಂದು ತಿಂಗಳು ಬೇಕಾಯ್ತು.”

ಅಭ್ಯಾಸವಾಯಿತು ಎಂದು ಬೀಗಿದ್ದಳಲ್ಲ! ಅವಳು ಮತ್ತೆ ಬರೆದಳು. ‘ಯಾಕೆ ಹೇಳ್ಲಿಲ್ಲ?’

“ನನ್ನ ತಲೆ ನಾನು ನೋಡ್ಕೋತೀನಿ ಅಂದಿದ್ರಿ.”

‘ದೂರು ಓದಿದ್ರಾ?’

“ಓದಿ ಸೈನ್ ಮಾಡ್ಬಂದೆ. ಸುಳ್ಳೇನಿಲ್ಲ ಅದರಲ್ಲಿ. ನಿಧಾನ ಹೋಗ್ತಿದ್ದದ್ದು ನಿಜಾನೇ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. “ಹೊಸಬನಿಗೆ ಹೇಳಿದೀನಿ. ಆ ರಸ್ತೇಲಿ ಇಪ್ಪತ್ತು ದಾಟಬೇಡ ಅಂತ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳದು ಆಡಿದ ಮಾತೂ ಅಲ್ಲ, ಸಹಿ ಮಾಡಿಕೊಟ್ಟ ಕಾಗದ. ತನ್ನನ್ನು ಅಂಗೈಯಲ್ಲಿಟ್ಟುಕೊಂಡು ಹೋದವನನ್ನು ತನ್ನ ಕೈಯಾರೆ ದೂರ ಮಾಡಿಕೊಂಡಿದ್ದಳು.

ನೆಲಮಾಳಿಗೆಯಲ್ಲಿ ಪೀಪಾಯಿಗಳ ಸಾಲಿನ ನಡುವೆ ತಣ್ಣಗಿತ್ತು. ವೈನರಿಯವನು ಗಾಜಿನ ಲೋಟಕ್ಕೆ ಎರಡು ಗುಟುಕು ಸುರಿದು ಏನೋ ವಿವರಿಸುತ್ತಿದ್ದ. ಅಜ್ಜಿ ಅವಳ ಕಿವಿಯ ಬಳಿ ಬಗ್ಗಿದರು.

“ಇವರು ನಲವತ್ತೆರಡು ವರ್ಷದಲ್ಲಿ ಒಂದೇ ಒಂದು ದಿನ ನನ್ನ ಮಾತನ್ನ ಆ ಹುಡುಗನ ಹಾಗೆ ಕೇಳಿಸ್ಕೊಂಡಿದ್ರೆ, ನಾನು ಇವರನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಿದ್ದೆ.”

“ಏನಂದೆ?” ಎಂದರು ತಾತ.

“ನೋಡಿದ್ಯಾ?” ಎಂದರು ಅಜ್ಜಿ.

ಅವಳು ಗಂಟೆ ನೋಡಿದಳು. ಆರಕ್ಕೆ ಆಫೀಸು ಮುಚ್ಚುತ್ತದೆ. ನಾಳೆ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಅವನು ವಿಮಾನ ನಿಲ್ದಾಣದಲ್ಲಿರುತ್ತಾನೆ. ಫೋನು ಮಾಡೋಣವೆಂದರೆ ದನಿಯಿಲ್ಲ. ದೂರು ವಾಪಸ್ ತಗೋತೀನಿ ಎಂದು ಸಂದೇಶ ಕಳಿಸಿದಳು. ಮ್ಯಾನೇಜರಮ್ಮನ ಉತ್ತರ ಒಂದೇ ಸಾಲು: ‘ಫಾರಂ ನಿನ್ನ ಕೈಯಲ್ಲಿ ಬರೆದದ್ದು, ಬಂದು ನೀನೇ ತಿದ್ದಬೇಕು.’

ಕಾರಿಗೆ ಬಂದವಳೇ ಅವಳು ಪುಸ್ತಕವನ್ನು ಅವನ ಕಣ್ಣಿಗೆ ಹಿಡಿದಳು. ‘ಬೇಗ ಹೋಗಿ. ಆರರೊಳಗೆ ಆಫೀಸು.’

ಅವನ ಮುಖ ಸಣ್ಣದಾಯಿತು. ಕೊನೆಯ ದಿನ, ಸ್ವಲ್ಪ ನಿಧಾನವಾಗಿ ಹೋಗೋಣವೆಂದು ಅವನೊಳಗೆ ಇತ್ತೋ ಏನೋ. “ಆಯ್ತು ಮೇಡಂ,” ಎಂದ. ಕಡಲ ರಸ್ತೆ ಬಿಟ್ಟು ಹೆದ್ದಾರಿ ಹಿಡಿದ. ದಾರಿಯುದ್ದಕ್ಕೂ ಒಂದು ಕಥೆಯೂ ಹೇಳಲಿಲ್ಲ. ಕಾರಣ ಬರೆಯೋಣವೆಂದರೆ, ಫಾರಂ ತಿದ್ದುವ ಮೊದಲೇ ಆಸೆ ಹುಟ್ಟಿಸಲು ಅವಳಿಗೆ ಮನಸ್ಸಾಗಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಅಜ್ಜಿ ಇಳಿಯುತ್ತ ಅವಳ ಗಲ್ಲ ಸವರಿದರು. “ಗಂಟಲು ಸರಿಯಾದ ಮೇಲೆ ಮೊದಲನೇ ಮಾತು ಯಾರಿಗೆ ಅಂತ ಯೋಚಿಸಿ ಇಟ್ಕೊ.”

ಆರಕ್ಕೆ ಐದು ನಿಮಿಷ. ಮ್ಯಾನೇಜರಮ್ಮ ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದರು. ಅವಳು ಕೈಸನ್ನೆಯಲ್ಲೇ ಫಾರಂ ಕೇಳಿ ತೆಗೆಸಿ, ತನ್ನ ಅಕ್ಷರದ ಮೇಲೆ ಗೀಟು ಎಳೆದು, ಕೆಳಗೆ ಬರೆದಳು: ‘ತಪ್ಪು ನನ್ನದು. ನಾನು ಹಿಂದಕ್ಕೆ ತಿರುಗಿ ಕೂರುವುದರಿಂದ ನನಗೆ ತಲೆ ಸುತ್ತದಿರಲೆಂದು ಅವರು ನಿಧಾನ ಹೋಗುತ್ತಿದ್ದರು.’

ಮ್ಯಾನೇಜರಮ್ಮ ಕನ್ನಡಕ ಏರಿಸಿ ಓದಿದರು. “ಸರಿ ಕಣೆ, ವೈನರಿಗೆ ತಡ ಆಗದ ಹಾಗೆ ಮಾಡೋಕೆ ಏನು ದಾರಿ?”

ಅವಳು ಬರೆದಳು. ‘ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೊರಡ್ತೀವಿ.’

“ಹೊರಡ್ತೀವಿ?” ಅವರು ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಸಹಿ ಹಾಕಿ, “ಏಳೂವರೆ ಅಂದ್ರೆ ಏಳೂವರೆ” ಎಂದು ಪ್ರತಿ ಕೊಟ್ಟರು.

ಹೊರಗೆ ಅಂಗಳದಲ್ಲಿ ಅವನು ಆಗಲೇ ಒರೆಸಿದ್ದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಅವಳು ಕಾಗದ ಮುಂದೆ ಹಿಡಿದಳು. ಅವನು ಒಂದು ಸಲ ಓದಿದ. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಎರಡನೆಯ ಸಲ ಓದಿದ.

“ಬೇಗ ಹೋಗಿ ಅಂದಿದ್ದು... ಇದಕ್ಕಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಒಂದು ಸಲ ನನ್ನಿಂದ ತಪ್ಪಿಸ್ಕೊಂಡ್ರೆ ಸಾಕಾಗಿದೆ ನಿಮಗೆ ಅಂದ್ಕೊಂಡೆ.”

ಅವಳು ಪುಸ್ತಕ ತಿರುವಿದಳು. ಹಾಳೆ ಮುಗಿದಿತ್ತು. ಹಿಂಬದಿಯ ರಟ್ಟಿನ ಮೇಲೆ ‘ಇಲ್ಲ’ ಎಂದು ಬರೆದು, ಅದರ ಕೆಳಗೆ ಎರಡು ಗೀಟು ಎಳೆದಳು.

ಅವನು ಆ ಒಂದು ಪದ ಓದಿ, ಮತ್ತೆ ಫಾರಂ ಕಡೆ ಕಣ್ಣು ಹಾಯಿಸಿದ. “ಇದರಲ್ಲಿ ನೀವು ಬರೆದಿರೋದು ಪೂರ್ತಿ ಸರಿ ಇಲ್ಲ ಮೇಡಂ. ತಲೆ ಸುತ್ತದಿರಲಿ ಅಂತ ನಿಧಾನ ಹೋಗಿದ್ದು ಮೊದಲನೇ ತಿಂಗಳು. ಆಮೇಲೆ...” ಅವನು ಕಾಗದವನ್ನು ಜೋಪಾನವಾಗಿ ಮಡಚಿದ. “ಆಮೇಲೆ, ನಿಧಾನ ಹೋದಷ್ಟೂ ಹೊತ್ತು ನೀವು ಪಕ್ಕದಲ್ಲಿ ಇರ್ತಿದ್ರಿ. ಅದಕ್ಕೆ.”

ಒಂದೂವರೆ ವರ್ಷ ಕಾದಿದ್ದ ಮಾತು. ಉತ್ತರ ಹೇಳಲು ದನಿಯಿರಲಿಲ್ಲ. ಅವಳು ಮುಂದಿನ ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತಳು. ಹಿಂದೆ ಅತಿಥಿಗಳಿರಲಿಲ್ಲ, ಹಿಂದಕ್ಕೆ ತಿರುಗುವ ಕೆಲಸವಿರಲಿಲ್ಲ. ಅವಳು ಮುಂದಕ್ಕೂ ನೋಡಲಿಲ್ಲ. ಮೊಣಕಾಲು ಮಡಚಿ, ಅವನ ಕಡೆಗೆ ತಿರುಗಿ ಕೂತಳು.

ಅವನು ಕಾರು ಹೊರಡಿಸಿದ. ಅವಳ ಮನೆಗೆ ಹೋಗುವ ರಸ್ತೆ ನೆಟ್ಟಗಿತ್ತು, ಒಂದು ತಿರುವೂ ಇಲ್ಲ. ಆದರೂ ವೇಗದ ಮುಳ್ಳು ಇಪ್ಪತ್ತು ದಾಟಲಿಲ್ಲ.

“ಮುಂದೆ ನೋಡ್ಕೊಂಡು ಕೂತ್ಕೊಳ್ಳಿ,” ಅವನೆಂದ. ಈ ಸಲ ‘ಮೇಡಂ’ ಇರಲಿಲ್ಲ, ನಗು ಇತ್ತು. “ತಲೆ ಸುತ್ತುತ್ತೆ.”

ಡಾಕ್ಟರ ಮಾತನ್ನು ಅವಳು ಅಲ್ಲೇ ಮುರಿದಳು. ಹರಿದ, ಒಡಕು ದನಿ. ಆದರೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

“ನನ್ನ ತಲೆ... ಇನ್ಮೇಲೆ ನೀವು ನೋಡ್ಕೊಳ್ಳಿ.”

ಅವನು ಒಂದು ಸಲ ಕೆಮ್ಮಿದ.

“ಸರಿ. ಇನ್ನು ಮಾತಾಡ್ಬೇಡಿ, ಗಂಟಲು ಹಾಳಾಗುತ್ತೆ. ನಾನು ಹೇಳ್ತೀನಿ, ನೀವು ಕೇಳಿ. ಆ ನೀಲಿ ಕಿಟಕಿ ಇದೆಯಲ್ಲ... ಯಾವ ಕಥೆ ಹೇಳ್ಲಿ?”

“ರಾಜ ಬರೋದು,” ಎಂದಳು ಅವಳು.